ಕೊಸರು

ಮೊಳೆಗಳನ್ನು ನಾವಿನ್ನೂ ತೂಗಿಯೇ ಮಾರುತ್ತೇವೆ,
ಈರಿ ಸರೋವರದ ದಂಡೆಯ ಈ ಹಾರ್ಡ್‌ವೇರ್ ಅಂಗಡಿಯಲ್ಲಿ.
ಎರಡಿಂಚಿನವು ಎರಡು ಪೌಂಡು, ಅಂದಳು ನಡೀನ್.
ಅಂದವಳು ತಕ್ಕಡಿಯ ಪಕ್ಕ ಒಂದು ಲಕೋಟೆ ಇಟ್ಟಳು.
"ಮಿಸ್ಟರ್ ಸಾಬೊ, ನೀವು ಪೇಪರಿನಲ್ಲಿದ್ದವರಲ್ಲವೆ?
ಹೇಳಿ. ಗಿಟ್ಟುತ್ತದೆಯೆ?"

ಸೈಲೆನ್ಸರ್ ರಿಪೇರಿಯ ಹದ್ದಾದನ ಮಗಳು.
ಲಕೋಟೆಯೊಳಗೆ ಪತ್ರಿಕೋದ್ಯಮ ಕಾಲೇಜಿನ ಸೀಟು,
ಹಿಂಬದಿಗೆ ಪೆನ್ಸಿಲ್ಲಿನ ಲೆಕ್ಕ:
ವರ್ಷಕ್ಕೆ ನಲವತ್ತೊಂದು ಸಾವಿರ, ನಾಲ್ಕು ವರ್ಷ,
ವಿದ್ಯಾರ್ಥಿವೇತನ ಕಳೆದು, ಅಜ್ಜಿ ಕೊಡುವ ಐದು ಕಳೆದು,
ಮಿಕ್ಕದ್ದಕ್ಕೆ ಸಾಲ, ಸಾಲಕ್ಕೆ ಬಡ್ಡಿ.
ಗೆರೆ ಎಳೆದು, ಕೆಳಗೆ
ಮೊದಲ ನೌಕರಿಯ ಸಂಬಳ: ಮೂವತ್ತಾರು.
ನೌಕರಿ ಸಿಕ್ಕರೆ, ಎಂಬುದನ್ನು ಬರೆಯದೆ ಬಿಟ್ಟಿದ್ದಳು.
ಬಿಟ್ಟದ್ದನ್ನು ಓದುವುದು ನನ್ನ ಹಳೆಯ ಕಸುಬು.

ಏನು ಹೇಳಲಿ?
ಇಪ್ಪತ್ತಾರು ವರ್ಷ ರಾತ್ರಿಪಾಳಿಯಲ್ಲಿ
ಬೇರೆಯವರ ಅಲ್ಪವಿರಾಮ ತಿದ್ದಿ,
ಒಂದು ಮಂಗಳವಾರ ಮಟಮಟ ಮಧ್ಯಾಹ್ನ
ಮಗ್ಗು, ಸ್ಟೇಪ್ಲರು, ಬೆನ್ನು ಬಿಟ್ಟ ನಿಘಂಟು
ರಟ್ಟಿನ ಪೆಟ್ಟಿಗೆಗೆ ತುಂಬಿ ಮನೆಗೆ ಬಂದವನು.
ಅಚ್ಚುಯಂತ್ರವಿದ್ದ ಹಾಲಿನಲ್ಲಿ ಈಗ
ಮಕ್ಕಳು ಟ್ರ್ಯಾಂಪೊಲಿನ್ ಮೇಲೆ ಕುಪ್ಪಳಿಸುತ್ತಾರೆ,
ತಲೆಗೆ ಹದಿನೆಂಟು ಡಾಲರು, ಕಾಲುಚೀಲಕ್ಕೆ ಬೇರೆ.

ನನ್ನ ಪದವಿಯ ಸಾಲ ತೀರಿದ್ದು ನಲವತ್ತೊಂದಕ್ಕೆ.
ಅದೇ ವಾರ ಕಾರಿನ ಗೇರು ಕೈಕೊಟ್ಟಿತು.
ಕಾಲೇಜು ಕೊಟ್ಟದ್ದು? ಮಾನಹಾನಿ ಕಾನೂನು, ಒಂದು ಸೆಮಿಸ್ಟರು.
ಸತ್ತವರ ಹೆಸರಿನ ಕಾಗುಣಿತ ಮೂರು ಸಲ ನೋಡು,
ಅವರು ಬಂದು ತಿದ್ದಲಾರರು ಎಂಬ ಪ್ರೊಫೆಸರಮ್ಮನ ಒಂದು ಮಾತು.
ಅದೊಂದಕ್ಕೆ ಎಷ್ಟು ಬಿತ್ತೆಂದು ಭಾಗಿಸಿ ನೋಡಿಲ್ಲ.
ಉಳಿದದ್ದು ಚರಂಡಿ ಮಂಡಳಿಯ ಸಭೆಗಳು ಕಲಿಸಿದವು,
ಪುಕ್ಕಟೆ, ಕಾಫಿ ಸಮೇತ.

ಅಂಥದೊಂದು ಸಭೆಯ ಕಥೆ ಹೇಳಬಹುದಿತ್ತು.
ಫೆಬ್ರವರಿ. ಸರೋವರದ ಗಾಳಿಗೆ ಕಿಟಕಿ ಹಲ್ಲು ಕಡಿಯುತ್ತಿತ್ತು.
ಸಾರ್ವಜನಿಕರಿಗೆ ಅರವತ್ತು ಕುರ್ಚಿ, ಕೂತವನು ನಾನೊಬ್ಬ.
ವರದಿಯ ಎಪ್ಪತ್ತಮೂರನೆಯ ಪುಟದ ಅಡಿಟಿಪ್ಪಣಿಯಲ್ಲಿ
ಸೀಸದ ಕೊಳವೆ ಬದಲಿಸದೆ ಉಳಿದ ಬೀದಿಗಳ ಪಟ್ಟಿ.
ಬರೆದೆ. ಬೈದರು. ಅಗೆದರು.
ಒಂಬತ್ತು ತಿಂಗಳಲ್ಲಿ ಹೊಸ ಕೊಳವೆ.
ನನಗೆ ಸಿಕ್ಕದ್ದು ಒಂದು ದಿನದ ರಜೆ.
ಪಟ್ಟಿಯ ನಾಲ್ಕನೆಯ ಬೀದಿಯಲ್ಲಿ ಹದ್ದಾದನ ಮನೆ;
ಅಲ್ಲಿ ಆಗ ಒಂದು ಕೂಸು
ನಲ್ಲಿ ನೀರಿನಲ್ಲಿ ಕಲಸಿದ ಹಾಲು ಕುಡಿಯುತ್ತಿತ್ತು.

ಹೇಳಲಿಲ್ಲ.
ಮೊಳೆ ತೂಗುವಾಗ ತಟ್ಟೆಗೆ
ಹೆಬ್ಬೆರಳು ಒತ್ತಿದ ಹಾಗಾಗುತ್ತಿತ್ತು.

ಹೇಳಿದ್ದು ಇಷ್ಟು:
ಮೊದಲೆರಡು ವರ್ಷ ಊರಿನ ಅಗ್ಗದ ಕಾಲೇಜಿಗೆ ಹೋಗು.
ಲೆಕ್ಕಪತ್ರ ಕಲಿ, ಬಜೆಟ್ಟು ಓದಲು ಬಂದರೆ ಎಲ್ಲೂ ಬದುಕುತ್ತೀ.
ಹೋದ ವರ್ಷ ಪಾಸಾದವರಲ್ಲಿ ಎಷ್ಟು ಮಂದಿ
ಇದೇ ಕೆಲಸದಲ್ಲಿದ್ದಾರೆಂದು ಆ ದೊಡ್ಡ ಕಾಲೇಜನ್ನು ಕೇಳು.
ಉತ್ತರದ ಬದಲು ಬಣ್ಣದ ಪುಸ್ತಿಕೆ ಬಂದರೆ, ಅದೇ ಉತ್ತರ.
ಗಿಟ್ಟುತ್ತದೆಯೆ ಎಂದರೆ, ನಡೀನ್,
ದುಡ್ಡಿನಲ್ಲಿ ಗಿಟ್ಟುವುದಿಲ್ಲ.
"ಮತ್ತೆ ಯಾವುದರಲ್ಲಿ?" ಅಂದಳು.
ನಾನು ಚೀಲದ ಬಾಯಿ ಮಡಚಿದೆ,
ಮಡಚಿದ್ದನ್ನು ಬಿಚ್ಚಿ, ಕೈಗೆ ಬಂದಷ್ಟು ಮೊಳೆ ಮೇಲೆ ಹಾಕಿದೆ.

ಬಾಗಿಲ ಗಂಟೆ ಬಡಿಯಿತು. ಹೋದಳು.
ಮತ್ತೆ ಬಡಿಯಿತು. ಬಂದಳು.
ಕೇಳದೆಯೇ ಚೀಲವನ್ನು ತಕ್ಕಡಿಗೆ ಇಟ್ಟು,
ಮುಳ್ಳು ನಿಲ್ಲುವವರೆಗೆ ಬಗ್ಗಿ ನೋಡಿ,
"ಬಿಲ್ಲಿನಲ್ಲಿ ಎರಡು ಪೌಂಡು. ಇದು ಎರಡೂಕಾಲು.
ಎರಡರಲ್ಲಿ ಯಾವುದು ಸರಿ?"

ಕಿವಿಯ ಮೇಲಿನ ಪೆನ್ನು ತೆಗೆದು
ಬಿಲ್ಲಿನ ಕೆಳಗೆ ತಿದ್ದುಪಡಿ ಬರೆದೆ,
ತಾರೀಖು ಹಾಕಿ.